ಶಿವದಾರದ ಕೆಳಗಿನ ನವೆ

ನವೆಯಿಂದ ಯಾರೂ ಸತ್ತಿಲ್ಲ ಎಂಬ ಮಾತನ್ನು ನಾನು ಬೇರೆ ಬೇರೆ ಬಾಯಿಗಳಿಂದ ಕೇಳಿದ್ದೇನೆ. ಊರಿನ ಹಿರಿಯರು ಹೇಳಿದ್ದಾರೆ, ಔಷಧಿ ಅಂಗಡಿಯವನು ಹೇಳಿದ್ದಾನೆ, ವೈದ್ಯರೊಬ್ಬರು ನಗುತ್ತಲೇ ಹೇಳಿದ್ದಾರೆ. ಸಮಾಧಾನ ಹೇಳುವಂತೆ ಕಾಣುವ ಈ ಮಾತು ಎದುರಿಗಿರುವವರನ್ನು ಬೇಗ ಎಬ್ಬಿಸಿ ಕಳಿಸುವುದಕ್ಕೆ ಒದಗುತ್ತದೆ. ನನ್ನ ತಂಗಿ ಕಳೆದ ಚಳಿಗಾಲದಲ್ಲಿ ತೀರಿಕೊಂಡಳು. ಸತ್ತದ್ದು ಎದೆಯಲ್ಲಿ ಕಫ ಕಟ್ಟಿ, ಉಸಿರು ಸಾಲದೆ ಎಂದು ಆಸ್ಪತ್ರೆಯವರು ತಿಳಿಸಿದರು. ಇರಬಹುದು. ಆದರೆ ಹುಟ್ಟಿದಂದಿನಿಂದ ಒಂದು ಕಾಯಿಲೆಯ ಜೊತೆ ಬದುಕಿದವಳು ಕೊನೆಗೆ ಇನ್ನೊಂದರಿಂದ ಸತ್ತಳು ಎಂದರೆ, ಮೊದಲನೆಯದಕ್ಕೆ ಅದರಲ್ಲಿ ಪಾಲೇ ಇಲ್ಲವೆಂದು ಒಪ್ಪಿಕೊಳ್ಳುವುದು ನನ್ನಿಂದ ಆಗಿಲ್ಲ.

ಅವಳಿಗಿದ್ದದ್ದು ಇಸುಬು. ಅದು ಕಜ್ಜಿಯಲ್ಲ, ಹುಳುಕಡ್ಡಿಯಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅವಳು ಬದುಕಿರುವಷ್ಟು ಕಾಲವೂ ಇದನ್ನು ಹೇಳುತ್ತಲೇ ಇರಬೇಕಾಯಿತು. ನಾವು ತಮಿಳುನಾಡಿನ ಗಡಿಯೊಳಗಿರುವ ತಾಳವಾಡಿ ಸೀಮೆಯ ಒಕ್ಕಲು ಮನೆತನದವರು. ಕೊರಳಿಗೆ ಇಷ್ಟಲಿಂಗ ಕಟ್ಟಿಕೊಳ್ಳುವ ಜನ. ಕೂಸು ಹುಟ್ಟಿದ ಕೆಲವೇ ದಿನಗಳಲ್ಲಿ ಅಯ್ಯನವರು ಬಂದು ಲಿಂಗ ಕಟ್ಟುತ್ತಾರೆ. ಸತ್ತಾಗ ಅದೇ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಮಣ್ಣು ಮಾಡುತ್ತಾರೆ. ನಡುವಿನ ಕಾಲದಲ್ಲಿ ಅದು ಮೈಬಿಟ್ಟು ಇರಕೂಡದು. ನನ್ನ ತಂಗಿಯ ಲಿಂಗ ಮಾತ್ರ ಬಹಳ ವರ್ಷ ದೇವರ ಗೂಡಿನಲ್ಲಿತ್ತು; ಅದನ್ನು ಕಟ್ಟುವ ಶಿವದಾರ ತಾಗುವ ಜಾಗವೆಲ್ಲ ಅವಳಿಗೆ ಹುಣ್ಣಾಗಿತ್ತು. ಸಾಯುವುದರೊಳಗೆ ಅದನ್ನು ಮತ್ತೆ ಕೊರಳಿಗೆ ಕಟ್ಟಿಕೊಳ್ಳಬೇಕು ಎನ್ನುವುದೊಂದೇ ಅವಳು ಬಾಯಿಬಿಟ್ಟು ಹೇಳಿದ ಆಸೆ. ಉಳಿದ ಆಸೆಗಳನ್ನು ಅವಳು ಹೇಳಲಿಲ್ಲ, ನಾವು ಕೇಳಲಿಲ್ಲ.

ಅವಳು ಕೂಸಾಗಿದ್ದಾಗಿನ ನೆನಪು ನನಗೆ ಚೆನ್ನಾಗಿದೆ. ನಾನಾಗ ದನ ಅಟ್ಟಿಕೊಂಡು ಹೋಗುವಷ್ಟು ದೊಡ್ಡವನಾಗಿದ್ದೆ. ಅವಳ ಎರಡು ಕೆನ್ನೆಗಳೂ ಕೆಂಪಗೆ ಒಡೆದು ಒಸರುತ್ತಿದ್ದವು. ಅವ್ವ ಹಳೆಯ ಪಂಚೆಯ ತುಂಡಿನಲ್ಲಿ ಪುಟ್ಟ ಚೀಲ ಹೊಲಿದು, ಕೂಸಿನ ಕೈಗೆ ತೊಡಿಸಿ, ಮಣಿಕಟ್ಟಿಗೆ ದಾರ ಬಿಗಿಯುತ್ತಿದ್ದಳು. ಕೂಸು ಆ ಚೀಲದ ಕೈಯಿಂದಲೇ ಕೆನ್ನೆ ಉಜ್ಜುತ್ತಿತ್ತು. ಕೈ ಹಿಡಿದುಕೊಂಡರೆ ಎತ್ತಿಕೊಂಡವರ ಭುಜಕ್ಕೆ ಮುಖ ತಿಕ್ಕುತ್ತಿತ್ತು. ಬೆಳೆಯುತ್ತ ಬಂದಂತೆ ಅದು ಕೆನ್ನೆಯನ್ನು ಬಿಟ್ಟು ಮೊಣಕೈಯ ಮಡಿಕೆ, ಮಂಡಿಯ ಹಿಂಭಾಗ, ಕುತ್ತಿಗೆಗಳನ್ನು ಹಿಡಿಯಿತು. ಜೊತೆಗೆ ಮಳೆ ಹಿಡಿದರೆ ಉಬ್ಬಸ.

ಇದಕ್ಕೆ ಊರಿನಲ್ಲಿ ವಿವರಣೆ ಸಿದ್ಧವಾಗಿತ್ತು: ನಂಜು. ಬಸುರಿನಲ್ಲಿ ಅವ್ವ ಬದನೆಕಾಯಿ ತಿಂದಿದ್ದರಿಂದ ನಂಜು ಕೂಸಿನ ರಕ್ತ ಸೇರಿದೆ ಎಂದರು. ಬದನೆಕಾಯಿ ತಿಂದ ಬಸುರಿಯರು ಊರ ತುಂಬ ಇದ್ದರು, ಅವರ ಮಕ್ಕಳ ಮೈ ತೊಳೆದ ಕಂಚಿನ ಹಾಗಿತ್ತು. ಇದನ್ನು ನಾನು ಆ ವಯಸ್ಸಿನಲ್ಲೇ ಕೇಳಿ ಅಪ್ಪನಿಂದ ಬೈಸಿಕೊಂಡಿದ್ದೇನೆ. ತಂಗಿಗೆ ಪಥ್ಯ ಶುರುವಾಯಿತು. ಬದನೆ, ಕಡಲೆಕಾಯಿ, ಹಲಸು, ಹುಳಿ ಯಾವುದೂ ಇಲ್ಲ. ನಾವು ಹೊಲದ ಬದುವಿನಲ್ಲಿ ಹಸಿ ಕಡಲೆಕಾಯಿ ಸುಟ್ಟು ತಿನ್ನುವಾಗ ಅವಳು ಸಿಪ್ಪೆ ಬಿಡಿಸಿ ನಮಗೆ ಕೊಡುತ್ತಿದ್ದಳು. ಪಥ್ಯದಿಂದ ಮೈ ಸಣ್ಣಗಾಯಿತು, ಇಸುಬು ಹಾಗೆಯೇ ಉಳಿಯಿತು.

ಇನ್ನೊಂದು ಮದ್ದು ವಿಭೂತಿ. ನಮ್ಮ ಮನೆಯಲ್ಲಿ ವಿಭೂತಿಯನ್ನು ಕೊಂಡು ತರುತ್ತಿರಲಿಲ್ಲ. ಅಪ್ಪನೇ ಸಗಣಿಯ ಉಂಡೆಗಳನ್ನು ಒಣಗಿಸಿ, ಭತ್ತದ ಹೊಟ್ಟಿನಲ್ಲಿ ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ ಸೋಸಿ ಗಟ್ಟಿ ಕಟ್ಟುತ್ತಿದ್ದ. ಬೆಳಿಗ್ಗೆ ಸ್ನಾನವಾದ ಮೇಲೆ ಹಣೆ, ಕೊರಳು, ತೋಳು, ಮೊಣಕೈ, ಮಣಿಕಟ್ಟುಗಳಿಗೆ ಮೂರು ಬೆರಳಿನಿಂದ ಬಳಿದುಕೊಂಡ ಮೇಲೆಯೇ ಬಾಯಿಗೆ ನೀರು. ಆರೋಗ್ಯವಂತರಿಗೆ ಇಷ್ಟಾದರೆ, ತಂಗಿಗೆ ಇದರ ಹಲವು ಪಟ್ಟು. ಅಯ್ಯನವರು ಮಂತ್ರಿಸಿ ಕೊಟ್ಟ ವಿಭೂತಿಯನ್ನು ಅವ್ವ ನೀರಿನಲ್ಲಿ ತೇಯ್ದು ಹುಣ್ಣಿನ ಮೇಲೆಲ್ಲ ಮೆತ್ತುತ್ತಿದ್ದಳು. ಒದ್ದೆ ವಿಭೂತಿ ತಣ್ಣಗಿರುತ್ತದೆ. ತಣುಪು ನವೆಯನ್ನು ಸ್ವಲ್ಪ ಹೊತ್ತು ಮರೆಸುತ್ತದೆ. ಮಗು ಅಳು ನಿಲ್ಲಿಸುತ್ತಿತ್ತು. ಅದನ್ನು ಕಣ್ಣಾರೆ ಕಂಡವರಿಗೆ ಬೇರೆ ಸಾಕ್ಷಿ ಏಕೆ ಬೇಕು? ಒಣಗಿದ ಮೇಲೆ ಚರ್ಮ ಬಿಗಿದು, ಬಿರುಕು ಬಿಟ್ಟು, ನವೆ ಮೊದಲಿಗಿಂತ ಜೋರಾಗಿ ಏಳುತ್ತಿತ್ತು. ಆಗ ಇನ್ನಷ್ಟು ವಿಭೂತಿ. ಸುಣ್ಣ ಸುಡುವವರಿಗೋ ಕುಂಬಾರರಿಗೋ ಇಂಥ ಮಗು ಹುಟ್ಟಿದ್ದರೆ ಅವರು ಬೇರೇನೋ ಮಾಡುತ್ತಿದ್ದರು. ನಮ್ಮ ಕೈಗೆ ಸಿಕ್ಕಿದ್ದು ನಮ್ಮ ದೇವರು.

ನಾನು ಓದಿದ್ದು ಎಂಟನೆಯ ತರಗತಿ. ಆಮೇಲಿನದೆಲ್ಲ ಕೈಗೆ ಸಿಕ್ಕಿದ್ದನ್ನು ಓದಿ ಕಲಿತದ್ದು: ಗಡಿಯಾಚೆಯಿಂದ ಸಾಮಾನು ಕಟ್ಟಿಕೊಂಡು ಬರುವ ಕನ್ನಡ ಪತ್ರಿಕೆಗಳ ಆರೋಗ್ಯದ ಪುಟ, ಕ್ಷೌರದಂಗಡಿಯ ತಮಿಳು ವಾರಪತ್ರಿಕೆ, ತಂಗಿಯ ಮಗಳ ವಿಜ್ಞಾನದ ಪಠ್ಯಪುಸ್ತಕಗಳು, ಈಚೀಚೆಗೆ ಮೊಬೈಲು. ಯಾರು ಹೇಳಿದರು ಎಂಬುದಕ್ಕಿಂತ, ಹೇಳಿದವರಿಗೆ ಅದು ಹೇಗೆ ಗೊತ್ತಾಯಿತು ಎಂದು ಕೇಳುವುದು ನನ್ನ ಹುಟ್ಟುಗುಣ. ಮನೆಯವರು ಅದನ್ನು ಮೊಂಡುತನ ಎನ್ನುತ್ತಾರೆ. ಎರಡಕ್ಕೂ ಹೆಚ್ಚು ಅಂತರವಿಲ್ಲದಿರಬಹುದು.

ತಂಗಿಯನ್ನು ನಮ್ಮ ಬೀದಿಯಲ್ಲೇ ಇದ್ದ ಸೋದರಮಾವನ ಮಗನಿಗೆ ಕೊಟ್ಟೆವು. ಬೇರೆ ಊರಿನವರು ಅವಳ ಕೈ ನೋಡಿ ಒಪ್ಪುತ್ತಿರಲಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಅವಳಿಗೂ. ಗಂಡ ಒಳ್ಳೆಯವನು. ಒಬ್ಬಳು ಮಗಳಾದಳು. ಚೆಂಡುಹೂವಿನ ಹೊಲದಲ್ಲಿ ದಿನವಿಡೀ ದುಡಿಯುವಾಗ ಕೊರಳಿನ ಶಿವದಾರ ಬೆವರು ಕುಡಿದು ಒದ್ದೆಯಾಗುತ್ತಿತ್ತು, ಒಣಗಿ ಸೆಟೆಯುತ್ತಿತ್ತು. ಎಳವೆಯಿಂದ ಬೆಂದಿದ್ದ ಆ ಕುತ್ತಿಗೆಯ ಮೇಲೆ ದಾರವು ಗರಗಸದ ಹಾಗೆ ಆಡಿತು. ಒಂದು ಬೇಸಿಗೆಯಲ್ಲಿ ಸುತ್ತಲೂ ಕೀವು ಕಟ್ಟಿ ಜ್ವರ ಬಂದಾಗ, ದಾರ ಬಿಚ್ಚದ ಹೊರತು ಗಾಯ ಮಾಯುವುದಿಲ್ಲ ಎಂದು ನಾನೇ ಹೇಳಿದೆ. ಅಯ್ಯನವರೂ ಕೊನೆಗೆ ಒಪ್ಪಿ, ಲಿಂಗವನ್ನು ದೇವರ ಗೂಡಿನಲ್ಲಿಟ್ಟು ಪೂಜೆಯ ಹೊತ್ತಿಗೆ ಅಂಗೈಗೆ ತೆಗೆದುಕೊಂಡರೆ ಸಾಕು ಎಂದರು. ನಾನು ಹೇಳಿದ್ದು ಸರಿಯಾದ ಮಾತು. ಇಂದೂ ಹಾಗೆಯೇ ತಿಳಿದಿದ್ದೇನೆ. ಕೀವು ಬತ್ತಿತು.

ಆದರೆ ಅಯ್ಯನವರ ಒಪ್ಪಿಗೆ ತಂಗಿಗೆ ಸಾಲಲಿಲ್ಲ. ಅಂದಿನಿಂದ ಅವಳು ಮದುವೆ ಮನೆಗಳಲ್ಲಿ ಮೊದಲ ಪಂಕ್ತಿಗೆ ಕೂರುವುದನ್ನು ಬಿಟ್ಟಳು. ಬಡಿಸುವುದಕ್ಕೂ ಏಳುತ್ತಿರಲಿಲ್ಲ. ಯಾರೂ ಅವಳನ್ನು ಏಳಿಸಿದ್ದನ್ನು ನಾನು ಕಂಡಿಲ್ಲ. ಯಾರೂ ಕೂರಿಸಿದ್ದನ್ನೂ ಕಂಡಿಲ್ಲ. ಹಿತ್ತಲಲ್ಲಿ ಪಾತ್ರೆ ತೊಳೆಯುವವರ ಜೊತೆ ಕೂತು ಕೊನೆಗೆ ಉಣ್ಣುತ್ತಿದ್ದಳು. ಆಗಾಗ ಅವಳ ಬಲಗೈ ಎದೆಯ ಮೇಲೆ ಹೋಗಿ, ಲಿಂಗವಿರಬೇಕಾದ ಜಾಗವನ್ನು ಸವರಿ, ಅಲ್ಲೇನೂ ಇಲ್ಲದ್ದರಿಂದ ಹಾಗೆಯೇ ಮೇಲಕ್ಕೆ ಹೋಗಿ ಕುತ್ತಿಗೆ ಕೆರೆಯುತ್ತಿತ್ತು.

ಕೋಸು ಬೆಳೆ ಸೊರಗಿದ ವರ್ಷ, ಹೊಲದ ಮಣ್ಣು ನೋಡಲು ಬಂದವರೊಬ್ಬರು ಹುಳಿ-ಕ್ಷಾರ ತಿಳಿಯುವ ಕಾಗದದ ಚೂರುಗಳನ್ನು ನನಗೆ ಕೊಟ್ಟುಹೋದರು. ಮಣ್ಣನ್ನು ನೋಡಿ ಮುಗಿದ ಮೇಲೆ ಮನೆಯಲ್ಲಿದ್ದುದನ್ನೆಲ್ಲ ನೋಡಿದೆ: ಮಜ್ಜಿಗೆ, ಹುಣಸೆ ನೀರು, ಸಾಬೂನು. ಆಮೇಲೆ ವಿಭೂತಿಯ ನೀರು. ಕಾಗದ ಸಾಬೂನಿನಲ್ಲಿ ತಿರುಗಿದ್ದಕ್ಕಿಂತ ಗಾಢವಾಗಿ ನೀಲಿಗೆ, ಎಂದರೆ ಕ್ಷಾರದ ಕಡೆಗೆ, ತಿರುಗಿತು. ಬೆವರಿದ ನನ್ನ ತೋಳಿಗೆ ಒತ್ತಿದಾಗ ಅದು ಹುಳಿಯ ಕಡೆಗಿತ್ತು. ಬೂದಿನೀರಿನಲ್ಲಿ ಕುದಿಸಿದರೆ ಬಟ್ಟೆಯ ಜಿಡ್ಡು ಬಿಡುತ್ತದೆ, ಬೂದಿಯಿಂದ ತಿಕ್ಕಿದರೆ ಪಾತ್ರೆಯ ಜಿಡ್ಡು ಬಿಡುತ್ತದೆ. ನಮ್ಮ ಹೆಂಗಸರಿಗೆ ಇದು ತಿಳಿಯದ್ದೇನಲ್ಲ. ಅದೇ ಬೂದಿ ಮೈಯ ಜಿಡ್ಡನ್ನು ಬಿಡುತ್ತದೆಯೇ?

ಆ ಪ್ರಶ್ನೆಯ ಬೆನ್ನುಹತ್ತಿ ಓದಿದ್ದನ್ನು ನನಗೆ ಅರ್ಥವಾದ ಮಟ್ಟಿಗೆ ಹೇಳುತ್ತೇನೆ. ಚರ್ಮದ ಮೇಲ್ಪದರವು ಗೋಡೆಯಿದ್ದಂತೆ. ಜೀವಕೋಶಗಳು ಇಟ್ಟಿಗೆ, ನಡುವಿನ ಕೊಬ್ಬು ಗಾರೆ. ಇಸುಬಿನವರಲ್ಲಿ ಅನೇಕರಿಗೆ ಈ ಗೋಡೆಯನ್ನು ಬಿಗಿಯಾಗಿಟ್ಟು ತೇವ ಹಿಡಿಯುವ ಒಂದು ಪದಾರ್ಥವೇ ಹುಟ್ಟಿನಿಂದ ಕಡಿಮೆ. ಒಳಗಿನ ನೀರು ಸೋರುತ್ತದೆ, ಹೊರಗಿನ ಧೂಳು, ಸೂಕ್ಷ್ಮಜೀವಿಗಳು ಒಳಗೆ ಬರುತ್ತವೆ. ಆರೋಗ್ಯವಂತ ಚರ್ಮ ಕೊಂಚ ಹುಳಿಯಾಗಿರುವುದಕ್ಕೂ ಕಾರಣವಿದೆ. ಹಳೆಯ ಪದರವನ್ನು ಉದುರಿಸುವ ಕಿಣ್ವಗಳನ್ನು ಆ ಹುಳಿಯೇ ಹದ್ದುಬಸ್ತಿನಲ್ಲಿಡುತ್ತದೆ. ಕ್ಷಾರ ತಾಗಿದರೆ ಅವು ಹದ್ದುಮೀರುತ್ತವೆ. ಗೋಡೆಯನ್ನು ಕೆದಕುವುದರ ಜೊತೆಗೆ ಕೆಳಗಿನ ನರದ ತುದಿಯನ್ನೇ ಕೆಣಕುತ್ತವೆ. ಆ ಕೆಣಕಾಟವೇ ನವೆ.

ನಾನು ಇದನ್ನು ಅಯ್ಯನವರ ಮುಂದೆ ಇಟ್ಟೆ. ಅವರು ಸಿಟ್ಟಾಗಲಿಲ್ಲ. ಅವರ ತಂದೆ ಹಣ್ಣುಮುದುಕರಾಗುವ ತನಕ ಮೈತುಂಬ ಭಸ್ಮ ಧರಿಸಿದವರು, ಒಂದು ಗುಳ್ಳೆ ಎದ್ದಿರಲಿಲ್ಲ ಎಂದರು. ಅವರ ತಂದೆಯ ಗೋಡೆ ಗಟ್ಟಿಯಿತ್ತು, ನನ್ನ ತಂಗಿಯದು ಹುಟ್ಟುತ್ತಲೇ ಬಿರುಕು ಬಿಟ್ಟದ್ದು ಎಂದೆ. ಕೊನೆಗೆ ಅವರು, ಹಣೆಗೆ ಮಾತ್ರ ಬೊಟ್ಟಿನಷ್ಟು ಇಟ್ಟುಕೊಳ್ಳಲಿ ಎಂದರು. ಊರು ಮಾತ್ರ ಅಷ್ಟು ಸುಲಭವಾಗಿ ಬಿಡಲಿಲ್ಲ. ಲಿಂಗವೂ ಇಲ್ಲ, ವಿಭೂತಿಯೂ ಇಲ್ಲ ಎಂದರೆ ಅವಳಲ್ಲಿ ನಮ್ಮವಳೆನ್ನುವ ಗುರುತು ಏನು ಉಳಿಯಿತು ಎಂದು ಅವಳಿಗೇ ಕೇಳಿಸುವಂತೆ ಆಡಿಕೊಂಡರು. ಅದೇ ವರ್ಷ ದೀಪಾವಳಿ ಕಳೆದು ಗುಮಟಾಪುರದಲ್ಲಿ ಸಗಣಿ ಎರಚಾಡುವ ಹಬ್ಬವಾದಾಗ, ಅಲ್ಲಿಂದ ಬಂದ ನೆಂಟನೊಬ್ಬ ಆ ಸಗಣಿಯನ್ನು ಮೈಗೆ ಬಳಿದರೆ ಎಂಥ ಚರ್ಮರೋಗವೂ ನಿಲ್ಲದು ಎಂದು ತಂಗಿಗೆ ಉಪದೇಶ ಮಾಡಿದ.

"ಸುಟ್ ಸಗಣೀನೇ ಇಷ್ಟು ವರ್ಸ ಬಳ್ದಾಯ್ತು ಕಣಪ್ಪ," ಎಂದಳು ತಂಗಿ. "ಇನ್ನು ಅಸಿ ಸಗಣಿ ಬ್ಯಾರೆ ಬಾಕಿ ಅದಾ?"

ನೆಂಟ ಕಾಫಿ ಕುಡಿಯದೆ ಹೋದ. ಅವಳ ಬಾಯಿ ಹಾಗಿತ್ತು. ಕೆರೆದುಕೊಳ್ಳಬೇಡ ಎನ್ನುವವರಿಗೂ ಅವಳ ಬಳಿ ಒಂದು ಉತ್ತರವಿತ್ತು: "ಒಂದಿವ್ಸ ನನ್ನ ತೊಗಲ ಕೊಡ್ತೀನಿ, ಆಕ್ಕಂಡು ಓಡಾಡಿ. ಸಂಜಿಕೆ ವಾಪಸ್ ತಂದ್ಕೊಡಿ."

ವಿಭೂತಿ ಬಿಟ್ಟ ಮೇಲೆ ಗುಣವಾಯಿತೇ ಎಂದು ಓದುವವರು ಕೇಳಬಹುದು. ಅರ್ಧ ಗುಣವಾಯಿತು. ಮೊಣಕೈ, ಮಣಿಕಟ್ಟು ಕೊಂಚ ತಿಳಿಯಾದವು, ಕುತ್ತಿಗೆ ತಿಳಿಯಾಗಲಿಲ್ಲ. ಬೂದಿ ಬೆಂಕಿಗೆ ತುಪ್ಪ ಸುರಿದಿತ್ತೇ ಹೊರತು ಬೆಂಕಿ ಹಚ್ಚಿದ್ದು ಅದಲ್ಲ ಎಂಬುದು ಆಮೇಲೆ ತಿಳಿಯಿತು.

ವೈದ್ಯರ ಸರದಿ ಶುರುವಾಯಿತು. ಸತ್ಯಮಂಗಲದವರು ಅಲರ್ಜಿ ಎಂದರು, ಚಾಮರಾಜನಗರದವರೂ ಅಲರ್ಜಿ ಎಂದರು. ಗಡಿಯ ಎರಡು ಕಡೆಯೂ ಒಂದೇ ಬಗೆಯ ಸಣ್ಣ ಮಾತ್ರೆ. ಅದನ್ನು ನುಂಗಿದರೆ ತಂಗಿ ಮಂಪರಿನಲ್ಲಿ ಬೀಳುತ್ತಿದ್ದಳು. ಆ ಮಂಪರಿನಲ್ಲಿಯೂ ಅವಳ ಉಗುರು ಕುತ್ತಿಗೆಯ ಮೇಲೆ ಓಡುತ್ತಿತ್ತು. ಮಾತ್ರೆ ನವೆಯನ್ನು ನಿಲ್ಲಿಸುವುದಾದರೆ ಕೈ ಏಕೆ ಓಡಬೇಕು? ನಾನು ಕೇಳಿದಾಗ ವೈದ್ಯರೊಬ್ಬರು ಡೋಸ್ ಹೆಚ್ಚಿಸಿದರು. ಔಷಧಿ ಅಂಗಡಿಯವನು ಕೊಟ್ಟ ಟ್ಯೂಬಿನಿಂದ ಮಾತ್ರ ಕೆಲವೇ ದಿನಗಳಲ್ಲಿ ಚರ್ಮ ನುಣುಪಾಯಿತು. ಅವಳು ದೇವರ ಗೂಡಿನ ಕಡೆ ನೋಡತೊಡಗಿದ್ದಳು. ಟ್ಯೂಬು ಮುಗಿದ ಮೇಲೆ ಎಲ್ಲವೂ ಮರಳಿ ಬಂತು, ಮತ್ತೆ ಟ್ಯೂಬು, ಮತ್ತೆ ಮರಳಿತು. ಹೀಗೆ ವರ್ಷಗಳು ಕಳೆದು, ಕುತ್ತಿಗೆಯ ಚರ್ಮ ಈರುಳ್ಳಿಯ ಪೊರೆಯಷ್ಟು ತೆಳುವಾಗಿ ಒಳಗಿನ ರಕ್ತನಾಳ ಕಾಣುತ್ತಿತ್ತು. ಅದರಲ್ಲಿದ್ದುದು ಸ್ಟೀರಾಯ್ಡ್ ಎಂದು ಹೇಳಿದವರಿಲ್ಲ. ಎಷ್ಟು ದಿನ, ಎಲ್ಲಿ, ಎಷ್ಟು ಹಚ್ಚಬೇಕೆಂದು ಹೇಳಿದವರೂ ಇಲ್ಲ. ಔಷಧಿಯೇ ಕೆಟ್ಟದ್ದು ಎಂದು ನಾನು ಆಗ ತೀರ್ಮಾನಿಸಿದ್ದೆ. ಆ ತೀರ್ಮಾನವನ್ನೂ ಆಮೇಲೆ ಬದಲಿಸಬೇಕಾಯಿತು.

ಮೈಸೂರಿಗೆ ಕರೆದುಕೊಂಡು ಹೋದದ್ದು ತಂಗಿಯ ಮಗಳು. ಅಷ್ಟು ಹೊತ್ತಿಗೆ ಆ ಹುಡುಗಿ ಶಾಲೆಯ ಟೀಚರಾಗಿದ್ದಳು, ತಂಗಿಯ ಗಂಡ ತೀರಿಹೋಗಿದ್ದ. ನಾನೂ ಜೊತೆಗೆ ಹೋದೆ. ಅಲ್ಲಿನ ಚರ್ಮವೈದ್ಯೆ ಚಿಕ್ಕ ವಯಸ್ಸಿನವರು. ತಂಗಿಯ ಕುತ್ತಿಗೆಯನ್ನು ಬರಿಗೈಯಲ್ಲಿ ಮುಟ್ಟಿ ನೋಡಿದರು. ತಂಗಿ ತಟ್ಟನೆ ಹಿಂದಕ್ಕೆ ಸರಿದಳು; ಮುಟ್ಟಿಸಿಕೊಂಡು ಅಭ್ಯಾಸವಿರಲಿಲ್ಲ. ನಾನು ನನ್ನ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದೆ. ಆಕೆ ತಿಳಿದದ್ದನ್ನು ಹೇಳಿ, ಕೆಲವಕ್ಕೆ ನಮಗೂ ಇನ್ನೂ ಪೂರ್ತಿ ಗೊತ್ತಿಲ್ಲ ಎಂದರು. ಅಷ್ಟು ವರ್ಷಗಳಲ್ಲಿ ಗೊತ್ತಿಲ್ಲ ಎಂದ ಮೊದಲನೆಯವರು ಅವರೇ. ನನಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದು ಆ ಮಾತಿನಿಂದ.

ಅವರು ಹೇಳಿದ್ದು, ನಾನು ಓದಿದ್ದು ಎರಡನ್ನೂ ಕೂಡಿಸಿದರೆ ಹೀಗೆ: ಸೊಳ್ಳೆ ಕಚ್ಚಿದಾಗ, ಮೈಮೇಲೆ ದದ್ದು ಎದ್ದಾಗ ಬರುವ ನವೆಗೆ ಹಿಸ್ಟಮಿನ್ ಎಂಬ ಪದಾರ್ಥ ಕಾರಣ, ಅದಕ್ಕೆ ಆ ಸಣ್ಣ ಮಾತ್ರೆ ಆಗುತ್ತದೆ. ಇಸುಬಿನ ನವೆ ಬಹುಮಟ್ಟಿಗೆ ಬೇರೆ ದಾರಿಯಲ್ಲಿ ಬರುತ್ತದೆ. ಮೈಯ ಕಾವಲು ಕಣಗಳು ಒಡೆದ ಗೋಡೆಯ ಬಳಿ ಗುಂಪುಗೂಡಿ ಒಂದಕ್ಕೊಂದು ಸಂದೇಶ ಕಳಿಸುತ್ತವೆ. ಆ ಸಂದೇಶದ ಪದಾರ್ಥಗಳಲ್ಲಿ ಕೆಲವು ನೇರವಾಗಿ ನವೆಯ ನರಕ್ಕೇ ಅಂಟಿಕೊಂಡು ಅದನ್ನು ಎಚ್ಚರವಾಗಿಡುತ್ತವೆ. ಅಂಥ ನರಕ್ಕೆ ಉಣ್ಣೆಯ ಎಳೆ ಸಾಕು, ಬೆವರಿನ ಹನಿ ಸಾಕು, ದಾರ ಸಾಕು. ಗಾಯದ ಮೇಲೆ ಸೇರುವ ಒಂದು ಜಾತಿಯ ಬ್ಯಾಕ್ಟೀರಿಯಾ ತಾನೇ ನರವನ್ನು ಕೆಣಕಬಲ್ಲದು ಎಂದೂ ಈಚೆಗೆ ಓದಿದ್ದೇನೆ. ಒಣಗಿದ ಚರ್ಮದಲ್ಲಿ ನರದ ಎಳೆಗಳು ಮೇಲ್ಪದರದ ತನಕ ಚಿಗುರಿ ಬರುತ್ತವಂತೆ. ಕೆರೆದರೆ ಆ ನೋವು ನವೆಯನ್ನು ಬೆನ್ನುಹುರಿಯಲ್ಲೇ ಕ್ಷಣಕಾಲ ಅಡಗಿಸುತ್ತದೆ, ಮಿದುಳಿಗೆ ಹಿತವಾಗುತ್ತದೆ. ಅಷ್ಟರಲ್ಲಿ ಉಗುರು ಹೊಸ ಗಾಯ ಮಾಡಿರುತ್ತದೆ, ಆ ಗಾಯ ಮತ್ತೆ ಸಂದೇಶ ಕಳಿಸುತ್ತದೆ. ಕೆರೆದುಕೊಳ್ಳಬೇಡ ಎಂದು ಅವಳಿಗೆ ಹೇಳುತ್ತಿದ್ದವರೆಲ್ಲ, ಅವ್ವನೂ ಸೇರಿ, ಉಸಿರಾಡಬೇಡ ಎಂದಂತೆ ಹೇಳುತ್ತಿದ್ದರು.

ನವೆ ಎಂದರೆ ಸಣ್ಣ ನೋವು ಎಂದು ಬಹಳ ಕಾಲ ಪುಸ್ತಕಗಳಲ್ಲೂ ಇತ್ತಂತೆ. ತಂಗಿಯನ್ನು ಕೇಳಿದ್ದರೆ ಯಾವತ್ತೋ ಹೇಳುತ್ತಿದ್ದಳು. ಹೆರಿಗೆಯ ನೋವು ತಿಂದು ಎದ್ದವಳು, ಕುಡುಗೋಲಿನಿಂದ ಬೆರಳು ಸೀಳಿಕೊಂಡಾಗ ಬಟ್ಟೆ ಸುತ್ತಿ ಹೂವು ಕೊಯ್ದವಳು ಅವಳು.

ಚಿಕಿತ್ಸೆಯ ಮೊದಲ ಪಾಠ ಬಹಳ ಸರಳವಾಗಿತ್ತು, ಅದನ್ನು ಮೊದಲೇ ಯಾರೂ ಹೇಳಲಿಲ್ಲವಲ್ಲ ಎಂದು ನನಗೆ ಇನ್ನೂ ಸಂಕಟವಾಗುತ್ತದೆ. ಉಗುರುಬೆಚ್ಚನೆಯ ನೀರಿನಲ್ಲಿ ಬೇಗ ಸ್ನಾನ, ಕ್ಷಾರ ಹೆಚ್ಚಿರುವ ಸಾಬೂನು ಬೇಡ, ಮೈಯನ್ನು ಉಜ್ಜದೆ ಒತ್ತಿ ಒರೆಸಿ, ಇನ್ನೂ ತೇವವಿರುವಾಗಲೇ ಡಬ್ಬಿಯ ಮುಲಾಮನ್ನು ಧಾರಾಳವಾಗಿ ಸವರುವುದು. ಒಣಗುವುದಕ್ಕೆ ಬಿಡಕೂಡದು. ಗಾರೆ ಇಲ್ಲದ ಗೋಡೆಗೆ ಅದು ಹೊರಗಿನಿಂದ ಹಚ್ಚುವ ಗಾರೆ. ಇಸುಬು ಕೆರಳಿದಾಗ ಸ್ಟೀರಾಯ್ಡ್ ಮುಲಾಮು, ಆದರೆ ಅಳತೆಯಲ್ಲಿ, ಕೆಲವು ದಿನ ಮಾತ್ರ. ತೆಳುವಾದ ಕುತ್ತಿಗೆಗೆ ಸ್ಟೀರಾಯ್ಡ್ ಇಲ್ಲದ ಇನ್ನೊಂದು. ಮಗಳು ದಿನವೂ ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ತಾಯಿಗೆ ಸ್ನಾನ ಮಾಡಿಸಿ, ಬಚ್ಚಲ ಬಾಗಿಲಲ್ಲೇ ನಿಲ್ಲಿಸಿ ಮುಲಾಮು ಸವರುತ್ತಿದ್ದಳು. ತಡವಾದರೆ ಬಸ್ಸು ತಪ್ಪುತ್ತಿತ್ತು, ಆದರೂ ಸ್ನಾನಕ್ಕೂ ಮುಲಾಮಿಗೂ ನಡುವೆ ಬೇರೊಂದು ಕೆಲಸ ನುಸುಳಲು ಬಿಡುತ್ತಿರಲಿಲ್ಲ. ದೋಸೆಗೆ ಎಣ್ಣೆ ಹಚ್ಚಿದ ಹಾಗೆ ಹಚ್ಚುತ್ತೀಯಲ್ಲ ಎಂದು ತಂಗಿ ನಗುತ್ತಿದ್ದಳು.

ಇಷ್ಟರಿಂದಲೂ ಪೂರ್ತಿ ತಗ್ಗದಿದ್ದಾಗ, ಚರ್ಮದಡಿ ಚುಚ್ಚುವ ಹೊಸ ಔಷಧಿಯೊಂದನ್ನು ಆ ವೈದ್ಯೆ ಶುರುಮಾಡಿದರು. ಕಾವಲು ಕಣಗಳು ಕಳಿಸುವ ಸಂದೇಶಗಳಲ್ಲಿ ಮುಖ್ಯವಾದ ಒಂದೆರಡನ್ನು ಅದು ತಲುಪದಂತೆ ತಡೆಯುತ್ತದೆ. ಹೊಸ ಮಾತ್ರೆಗಳೂ ಬಂದಿವೆ, ಆದರೆ ಈ ವಯಸ್ಸಿಗೆ, ಈ ಎದೆಗೆ ಅವು ಅಪಾಯ ಎಂದರು. ಚುಚ್ಚುಮದ್ದಿನಿಂದ ಗುಣವಾಗುತ್ತದೆಯೇ ಎಂದು ನಾನು ಕೇಳಿದೆ. ಬೇರುಸಹಿತ ಹೋಗುವುದಿಲ್ಲ, ಹಿಡಿತಕ್ಕೆ ಬರಬಹುದು ಎಂದರು. ಅದೂ ಸುತ್ತುಬಳಸಿಲ್ಲದ ಮಾತು.

ಹಿಡಿತಕ್ಕೆ ಬಂತು. ಚೆಂಡುಹೂವು ಕೊಯ್ಲಿನ ಹೊತ್ತಿಗೆ ತಂಗಿಯ ಕೈಗಳು ಸುಮ್ಮನಾಗಿದ್ದವು. ಮಾ‌ತಾಡುತ್ತ ಕೂತಾಗ ಅವು ಮಡಿಲಲ್ಲಿ ಬಿದ್ದಿರುವುದನ್ನು ನೋಡಿ ನನಗೆ ಮೊದಮೊದಲು ದಿಗಿಲಾಗುತ್ತಿತ್ತು. ಅವಳ ಕೈ ಅಲುಗದೆ ಇದ್ದುದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಕುತ್ತಿಗೆಯ ಚರ್ಮ ಕಪ್ಪಾಗಿ ಒರಟಾಗಿದ್ದರೂ ಒಡೆದಿರಲಿಲ್ಲ. ಅವಳೇ ಅಯ್ಯನವರಿಗೆ ಹೇಳಿಕಳಿಸಿದಳು. ಮಗಳು ಮೆತ್ತನೆಯ ಹತ್ತಿಯ ದಾರವನ್ನು ತಂದು, ಗಂಜಿ ಹೋಗುವ ತನಕ ತೊಳೆದಿಟ್ಟಿದ್ದಳು. ಅಯ್ಯನವರು ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕಟ್ಟಿದರು. ತಂಗಿ ಅದನ್ನು ಅಂಗೈಯಿಂದ ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂತಳು. ಆ ತಿಂಗಳು ಪಕ್ಕದ ಬೀದಿಯ ಮದುವೆಯೊಂದರಲ್ಲಿ ಅವಳು ಅನ್ನದ ಬುಟ್ಟಿ ಹಿಡಿದು ಪಂಕ್ತಿಯ ನಡುವೆ ಬಂದಳು. ನನ್ನ ಎಲೆಗೆ ಬೇಡವೆಂದರೂ ಎರಡು ಸಲ ಹಾಕಿದಳು.

ಆಮೇಲೆ ಅವಳ ಕಣ್ಣುಗಳು ಕೆಂಪಾಗಿ ಉರಿಯತೊಡಗಿದವು. ಈ ಚುಚ್ಚುಮದ್ದಿನಿಂದ ಕೆಲವರಿಗೆ ಹಾಗಾಗುತ್ತದಂತೆ. ಕಣ್ಣು ತಿಳಿಯಾಗುವ ತನಕ ನಿಲ್ಲಿಸೋಣ ಎಂದರು ವೈದ್ಯೆ. ಅದು ಸರಿಯಾದ ನಿರ್ಧಾರ, ನಾನು ಓದಿ ನೋಡಿದ್ದೇನೆ. ಆದರೆ ಅದೇ ಹೊತ್ತಿಗೆ ಮಾಗಿಯ ಒಣಗಾಳಿ ತಾಳಮಲೆಯ ಕಡೆಯಿಂದ ಬೀಸಲು ಶುರುವಾಯಿತು. ನಮ್ಮ ಬೆಟ್ಟದ ಚಳಿ ಗಟ್ಟಿಮುಟ್ಟಾದವರ ತುಟಿಯನ್ನೇ ಒಡೆಯುತ್ತದೆ. ಮೊದಲು ಮೊಣಕೈ, ಆಮೇಲೆ ಕುತ್ತಿಗೆ. ಒಂದು ದಿನ ನಾನು ಹೋದಾಗ ಅವಳು ಬಿಸಿಲು ಬಿದ್ದ ಜಗಲಿಯಲ್ಲಿ ಕೂತಿದ್ದಳು. ಬಿಳಿಯ ದಾರಕ್ಕೆ ರಕ್ತ ಹತ್ತಿತ್ತು.

"ಅದ ಕೊಂಚ ದಿವ್ಸ ತಗ್ದಿಡು ಕೂಸೆ," ಎಂದೆ. "ಗಾಯ ಮಾಯ್ಲಿ. ಮತ್ತ ಕಟ್ಕಂಡೀಯಂತೆ."

ಅವಳು ಕೆರೆಯುವುದನ್ನು ನಿಲ್ಲಿಸಲಿಲ್ಲ. "ಇಷ್ಟು ವರ್ಸ ಬುಟ್ಟಿದ್ನಲ್ಲಣ್ಣ ಇದ. ನಾ ಇದ ಬುಟ್ರ ನವೆ ನನ್ನ ಬುಡ್ತದ ಅಂದಿದ್ದೆ ನೀನು. ಬುಡ್ತಾ?"

ನಾನು ಹಾಗೆ ಹೇಳಿರಲಿಲ್ಲ. ಕಡಿಮೆಯಾದೀತು ಎಂದಿದ್ದೆ. ಆ ವ್ಯತ್ಯಾಸವನ್ನು ಅವಳ ಮುಂದೆ ಎತ್ತಲಿಲ್ಲ. ದಾರ ಬೇರೆ, ಕಾಯಿಲೆ ಬೇರೆ, ಒಂದನ್ನು ಕೆರಳಿಸುವುದಕ್ಕೆ ಇನ್ನೊಂದು ನೆಪವಾಗುತ್ತದೆ ಎಂದು ಏನೇನೋ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ನೀ ಓದ್ಕಂಡಿರದು ಸರಿನೇ ಇದ್ದಾತು," ಎಂದಳು. "ನವೆಗೂ ಲಿಂಗಕ್ಕೂ ನಂಗ ಇರದು ಒಂದೇ ಕತ್ತು ಕಣಣ್ಣ. ನಾನೇನ್ ಮಾಡ್ಲಿ?"

ಮಗಳು ದಾರದ ಕೆಳಗೆ ಮುಲಾಮು ಹಚ್ಚಿ, ಹತ್ತಿಯ ಬಟ್ಟೆಯ ಪಟ್ಟಿ ಇಟ್ಟಳು. ಅದರಿಂದ ಸ್ವಲ್ಪ ಹಿತವಾಯಿತು. ಕಣ್ಣು ತಿಳಿಯಾಗಿ ಮತ್ತೆ ಚುಚ್ಚುಮದ್ದು ಕೊಡಬಹುದು ಎಂದು ಮೈಸೂರಿನಿಂದ ಮಾತು ಬಂದಾಗ ಅವಳಿಗೆ ಜ್ವರವಿತ್ತು. ಚಳಿಗೆ ಹಿಡಿದ ಕೆಮ್ಮು ಎದೆಗೆ ಇಳಿಯಿತು. ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕದ ನಳಿಕೆ ಹಾಕುವಾಗ ಕೊರಳಿನದನ್ನು ತೆಗೆಯಬೇಕು ಎಂದರು. ಅವಳು ಲಿಂಗ ಹಿಡಿದ ಮುಷ್ಟಿ ಬಿಡಿಸಲಿಲ್ಲ. ನರ್ಸು ದಾರದ ಮೇಲಿಂದಲೇ ನಳಿಕೆ ಹಾಕಿದರು. ಎರಡನೆಯ ಬೆಳಿಗ್ಗೆ ಎಲ್ಲವೂ ನಿಂತಿತು. ಅವಳನ್ನು ಗೆಟ್ಟವಾಡಿಯ ಹಾದಿಯಲ್ಲಿ ಊರಿಗೆ ತಂದೆವು.

ಹಿತ್ತಲಿನಲ್ಲಿ ಸೀರೆಯ ಮರೆ ಕಟ್ಟಿ ಹೆಂಗಸರು ಸ್ನಾನ ಮಾಡಿಸಿದರು. ಆಮೇಲೆ ಜಗಲಿಯ ಗೋಡೆಗೆ ಒರಗಿಸಿ ಕೂರಿಸಿದರು. ಅಯ್ಯನವರು ತಟ್ಟೆಯಲ್ಲಿ ವಿಭೂತಿ ಕಲಸಿಕೊಂಡು ಮೂರು ಬೆರಳು ಅದ್ದಿದ್ದರು. ಆಗ ಮಗಳು ಒಳಗೆ ಹೋಗಿ ಮುಲಾಮಿನ ಡಬ್ಬಿ ತಂದಳು. ತಾಯಿಯ ಮೈ ಇನ್ನೂ ತೇವವಾಗಿತ್ತು. ಅವಳು ಯಾರನ್ನೂ ನೋಡಲಿಲ್ಲ. ಕುಕ್ಕರಗಾಲಿನಲ್ಲಿ ಕೂತು ಮೊಣಕೈ ಮಡಿಕೆಗೆ, ಮಣಿಕಟ್ಟಿಗೆ, ಶಿವದಾರ ಎತ್ತಿ ಅದರ ಕೆಳಗಿನ ಕುತ್ತಿಗೆಗೆ ದಿನವೂ ಸವರುವ ಕ್ರಮದಲ್ಲೇ ಸವರತೊಡಗಿದಳು. ಹೆಂಗಸರಲ್ಲಿ ಒಬ್ಬರು ಅವಳ ಕೈ ಹಿಡಿಯಲು ಬಗ್ಗಿದರು.

"ಬುಡವ್ವ," ಎಂದರು ಅಯ್ಯನವರು. "ಮುಗುಸ್ಲಿ. ನಾ ಕಾಯ್ತೀನಿ."

ಪ್ರಾಣ ಹೋದ ಚರ್ಮದಲ್ಲಿ ಯಾವ ನರವೂ ಯಾವ ಸಂದೇಶವನ್ನೂ ಒಯ್ಯುವುದಿಲ್ಲ. ನನಗೆ ಅದು ಗೊತ್ತಿತ್ತು, ಮಗಳಿಗೂ ಗೊತ್ತಿತ್ತು. ಮಕ್ಕಳಿಗೆ ವಿಜ್ಞಾನ ಕಲಿಸುವವಳು ಅವಳು. ನಾನು ಡಬ್ಬಿಯ ಮುಚ್ಚಳ ಹಿಡಿದುಕೊಂಡು ಪಕ್ಕದಲ್ಲಿ ನಿಂತೆ.

ಮಗಳು ಎದ್ದ ಮೇಲೆ ಅಯ್ಯನವರು ತಂಗಿಯ ಹಣೆಗೆ ವಿಭೂತಿ ಎಳೆದರು. ಆಮೇಲೆ ತೋಳಿಗೆ. ಜಿಡ್ಡಿನ ಮೇಲೆ ವಿಭೂತಿ ನಿಲ್ಲಲಿಲ್ಲ, ಮೂರು ಗೆರೆಗಳೂ ಜಾರಿ ಒಂದಾದವು. ಅವರು ಬೆರಳು ಅದ್ದಿ ಮತ್ತೊಮ್ಮೆ ಎಳೆದರು. ಮೊಣಕೈಯ ಹತ್ತಿರ ಬಂದಾಗ ಕೈ ತಡೆದು ನನ್ನ ಮುಖ ನೋಡಿದರು.

"ಇಡಿ ಬುದ್ಧಿ," ಎಂದೆ.

ಅವರು ಕಣ್ಣಿಗೆ ಕಂಡೂ ಕಾಣದಷ್ಟು ತೆಳುವಾಗಿ ಇಟ್ಟರು.